ಹಳದಿ ಹೊಲದ ಕೆಳಗಿನ ಕಣಿವೆ

ಮಲವಗೊಪ್ಪ

ಹಿಮ ಕೊರೆದ ಕಣಿವೆ ಹೇಗಿರುತ್ತದೆ ಎಂದು ನಾನು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಜೀವಮಾನವಿಡೀ ಪಾಠ ಮಾಡಿದ್ದೇನೆ. ಬೋರ್ಡಿನ ಮೇಲೆ ದೊಡ್ಡದೊಂದು ಇಂಗ್ಲಿಷ್ ಯು ಅಕ್ಷರ ಬರೆದು, "ನೋಡ್ರೋ, ನದಿ ಕೊರೆದರೆ ವಿ, ಹಿಮ ಕೊರೆದರೆ ಯು" ಎಂದು ಹೇಳಿ, ಕೈಗಂಟಿದ ಸೀಮೆಸುಣ್ಣ ಕೊಡವಿಕೊಂಡರೆ ಆ ಅಧ್ಯಾಯ ಮುಗಿಯಿತು. ಹಿಮವನ್ನು ನಾನೂ ನೋಡಿರಲಿಲ್ಲ, ನನ್ನ ಕ್ಲಾಸಿನ ಮಕ್ಕಳೂ ನೋಡಿರಲಿಲ್ಲ. ನಮಗೆ ಗೊತ್ತಿದ್ದದ್ದು ಮೀನು ಮಾರ್ಕೆಟ್ಟಿನಲ್ಲಿ ಮರದ ಹೊಟ್ಟು ಹಾಕಿ ಮುಚ್ಚಿಟ್ಟ ಐಸು ಮಾತ್ರ. ಹಾಗಾಗಿ ರಿಟೈರಾದ ಮೇಲೆ ನಾನು ಡೆನ್ಮಾರ್ಕಿಗೆ ಹೊರಟಾಗ ಶಿವಮೊಗ್ಗದ ನಮ್ಮ ಬೀದಿಯವರು ಯಾಕೆ ಎಂದು ಕೇಳಿದರೆ, "ಕಣಿವೆ ನೋಡೋಕೆ" ಎಂದೆ. ಟೀಚರಮ್ಮನಿಗೆ ತಲೆ ಕೆಟ್ಟಿದೆ ಅಂದುಕೊಂಡು ಸುಮ್ಮನಾದರು.

ಅದು ಅರ್ಧ ನಿಜ. ಉಳಿದರ್ಧ ಮಲವಗೊಪ್ಪದಲ್ಲಿತ್ತು, ಶಮೀಮಳ ಅಡುಗೆಮನೆಯಲ್ಲಿ.

ಶಮೀಮ್ ನನ್ನ ಬಾಲ್ಯದ ಗೆಳತಿ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಅವಳ ಮನೆ, ನಮ್ಮ ಮನೆ ಒಂದೇ ಗೋಡೆಯ ಆಚೀಚೆ. ಇಬ್ಬರ ಅಪ್ಪಂದಿರೂ ಕಾಗದದ ಕಾರ್ಖಾನೆಯಲ್ಲಿದ್ದರು. ಈಗ ಅವಳ ಗಂಡನಿಗೆ ಮಲವಗೊಪ್ಪದಲ್ಲಿ ಲಾರಿ ಗ್ಯಾರೇಜಿದೆ. ಒಂದು ಸಂಜೆ ಚಹಾಕ್ಕೆ ಹೋದಾಗ ಅವಳು ಬಾಗಿಲು ಮುಂದೆ ಮಾಡಿ, ನನ್ನೆದುರು ಕೊತ್ತಂಬರಿ ಸೊಪ್ಪಿನ ಕಟ್ಟು ಹಾಕಿ, ತಾನೂ ಬಿಡಿಸುತ್ತ ಕೂತಳು.

"ಜರೀನಾ, ಸುತ್ತಿ ಬಳಸಿ ಮಾತಾಡೋದು ನಂಗೆ ಬರಲ್ಲ. ಭಾಯಿ ಕೇಳ್ತಿದಾನೆ, ನಿಕಾಹ್ ಆಗ್ತಾಳಾ ಅಂತ."

"ಯಾರು?"

"ನೀನೇ ಮಾರಾಯ್ತಿ. ಕೊತ್ತಂಬರಿ ಸೊಪ್ಪನ್ನ ಕೇಳ್ತಾನಾ?"

ಭಾಯಿ ಎಂದರೆ ಅವಳ ಅಣ್ಣ ಇಕ್ಬಾಲ್. ಶಂಕರಘಟ್ಟದಲ್ಲಿ ಭೂವಿಜ್ಞಾನ ಓದಿ, ಅಲ್ಲಿಂದ ಎಲ್ಲೆಲ್ಲೋ ಹೋಗಿ, ಕೊನೆಗೆ ಡೆನ್ಮಾರ್ಕಿನಲ್ಲಿ ನೆಲದಡಿಯ ನೀರು ಹುಡುಕುವ ಕೆಲಸದಲ್ಲಿ ನಿಂತವನು. ಮಕ್ಕಳಿಲ್ಲ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನನ್ನವರು ಹೋದದ್ದು ಅದಕ್ಕೂ ಮುಂಚೆ. ಒಳ್ಳೆಯ ಮನುಷ್ಯರು, ಗಾಂಧಿ ಬಜಾರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು, ನನ್ನ ಮೇಲೆ ಒಂದು ದಿನವೂ ದನಿ ಎತ್ತಿದವರಲ್ಲ. ಅವರು ಹೋದ ಮೇಲೆ ನನ್ನ ಮನೆ ನನ್ನದು, ನನ್ನ ಚಹಾದ ಹೊತ್ತು ನನ್ನದು ಎಂದು ಇದ್ದುಬಿಟ್ಟಿದ್ದೆ. ಈಗ ಈ ವಯಸ್ಸಿನಲ್ಲಿ, ತಲೆ ಅರ್ಧ ಬೆಳ್ಳಗಾದ ಮೇಲೆ, ಮೆಹಂದಿ ಹಚ್ಚಿಕೊಳ್ಳುವುದಾ? ನಗು ಬಂತು. ನಗುವಿನ ಹಿಂದೆಯೇ ಎದೆ ಧಸಕ್ಕೆಂದಿದ್ದೂ ನಿಜ, ಸುಳ್ಳು ಯಾಕೆ ಹೇಳಲಿ.

ಇಕ್ಬಾಲ್ ಫೋನಿನಲ್ಲಿ ಉತ್ತರ ಕೇಳಲಿಲ್ಲ. ಒಪ್ಪಿದರೆ ಅಲ್ಲೇ ಬಂದು ಇರಬೇಕಾಗುತ್ತದೆ, ಆದ್ದರಿಂದ ಮೊದಲು ಶಮೀಮಳ ಜೊತೆ ಬಂದು ಆ ಊರು ನೋಡು, ಆಮೇಲೆ ಹೂಂ ಅನ್ನು, ಇಲ್ಲ ಉಹೂಂ ಅನ್ನು ಎಂದ. "ಮಂಜಿನಡಿಯಲ್ಲಿ ಕೊರೆದ ಕಣಿವೆ ತೋರಿಸ್ತೀನಿ. ನಿನ್ನ ಯು ಅಕ್ಷರ ಎಲ್ಲ ಮರ್ತುಹೋಗ್ಬೇಕು" ಎಂದ. ದಾವಣಗೆರೆಯಲ್ಲಿರುವ ನನ್ನ ಮಗಳು, "ಹೋಗಿ ನೋಡಿ ಬಾ ಅಮ್ಮಿ, ನೋಡಿದ್ರೆ ನಿನ್ನ ಗಂಟೇನು ಹೋಗುತ್ತೆ" ಎಂದಳು. ಹೊರಟೆ.

ಒಂದು ಮಾತು. ನಾವು ಮೂವರು ಸೇರಿದರೆ ಅರ್ಧ ಕನ್ನಡ, ಅರ್ಧ ದಖ್ನಿ ಕಲಸಿ ಮಾತಾಡುತ್ತೇವೆ. ಇಲ್ಲಿ ಬರೆಯುವಾಗ ಎಲ್ಲವನ್ನೂ ಕನ್ನಡಕ್ಕೆ ಹಾಕಿದ್ದೇನೆ.

ರೈಲಿನಲ್ಲಿ

ಕೋಪನ್‌ಹೇಗನ್ನಿನಲ್ಲಿ ಇಳಿದು ಇಕ್ಬಾಲನ ಊರಾದ ಆರ್ಹುಸ್‌ಗೆ ರೈಲಿನಲ್ಲಿ ಹೋಗಬೇಕಿತ್ತು. ನಾವು ಹತ್ತಿ ಕೂತ ಡಬ್ಬಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಸಾವಿನ ಮನೆಗೆ ಬಂದು ಕೂತ ಹಾಗೆ ಎಲ್ಲರೂ ಕಿಟಕಿ ನೋಡುತ್ತಿದ್ದರು. ಶಮೀಮ್ ಗಂಡನಿಗೆ ಫೋನು ಹಚ್ಚಿದಳು. ಮಲವಗೊಪ್ಪದಲ್ಲಿ ಗ್ಯಾರೇಜಿನ ಗದ್ದಲದ ನಡುವೆ ಆತನಿಗೆ ಕೇಳಬೇಕಾದರೆ ಎಷ್ಟು ಗಟ್ಟಿಯಾಗಿ ಹೇಳಬೇಕೋ ಅಷ್ಟು ಗಟ್ಟಿಯಾಗಿ, ಫ್ರಿಜ್ಜಿನಲ್ಲಿ ಸಾರು ಎಲ್ಲಿದೆ, ಹಾಲಿನವನಿಗೆ ಏನು ಹೇಳಬೇಕು ಎಂದು ವಿವರಿಸಿದಳು.

ಎದುರಿನ ಸೀಟಿನಲ್ಲಿದ್ದ ಹೆಂಗಸು ಬೈಯಲಿಲ್ಲ. ಮುಗುಳ್ನಕ್ಕು, ಬೆರಳಿನಿಂದ ಗಾಜಿನ ಮೇಲಿನ ಚಿತ್ರ ತೋರಿಸಿದಳು. ಅದು ಮೌನದ ಡಬ್ಬಿಯಂತೆ. ಮಾತು, ಫೋನು ಎರಡೂ ಕೂಡದು. ರೈಲಿನಲ್ಲಿ ಮಾತಾಡದೆ ಕೂರಲು ಬೇರೆ ಡಬ್ಬಿಯನ್ನೇ ಮಾಡಿದ್ದಾರಲ್ಲ, ನಮ್ಮ ಶಿವಮೊಗ್ಗದ ಪ್ಯಾಸೆಂಜರಿನಲ್ಲಿ ಹೀಗೆ ಮಾಡಿದರೆ ಅದರೊಳಗೆ ಟಿ.ಸಿ. ಒಬ್ಬನೇ ಇರುತ್ತಾನೆ. ನಾಚಿಕೆಯಾದ ಶಮೀಮ್ ತಪ್ಪಾಯ್ತು ಎನ್ನುವಂತೆ ಚೀಲದಿಂದ ಕೋಡುಬಳೆ ತೆಗೆದು ಆಕೆಗೆ ಕೊಟ್ಟಳು. ಪಾಪ, ಆಕೆ ಬೇಡ ಎನ್ನಲಾರದೆ ತೆಗೆದುಕೊಂಡು ಕಚ್ಚಿದಳು. ಆ ಕೋಡುಬಳೆ ಮುರಿದ ಸದ್ದಿಗೆ ಇಡೀ ಡಬ್ಬಿ ತಿರುಗಿ ನೋಡಿತು. ಅಷ್ಟು ಗಟ್ಟಿಯ ತಿಂಡಿಯನ್ನು ಸದ್ದಿಲ್ಲದೆ ತಿನ್ನಲು ಆಕೆ ಪಟ್ಟ ಪಾಡು ನೋಡಿ ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಆರ್ಹುಸ್

ಇಕ್ಬಾಲ್ ಸ್ಟೇಷನ್ನಿಗೆ ಬಂದಿದ್ದ. ಕೂದಲು ಪೂರ್ತಿ ಹೋಗಿದೆ. ನಡಿಗೆ ಮಾತ್ರ ಹಳೆಯದೇ, ಸ್ವಲ್ಪ ಮುಂದಕ್ಕೆ ಬಾಗಿ. ನನ್ನ ಪೆಟ್ಟಿಗೆ ಎತ್ತಿಕೊಂಡು, "ಬಂದ್ಯಾ" ಎಂದ. "ಬಂದೆ" ಎಂದೆ. ಅಷ್ಟಕ್ಕೇ ಇಬ್ಬರ ಮಾತೂ ಮುಗಿಯಿತು. ಶಮೀಮ್ ನಮ್ಮಿಬ್ಬರ ಮುಖವನ್ನೂ ನೋಡಿ, "ಚೆನ್ನಾಗಿದೆ ಸಿನಿಮಾ" ಎಂದಳು.

ಮನೆಗೆ ಹೋದ ಕೂಡಲೇ ಆತ ನಲ್ಲಿ ತಿರುಗಿಸಿ ಎರಡು ಲೋಟ ನೀರು ಹಿಡಿದು ತಂದು ನಮ್ಮ ಮುಂದಿಟ್ಟ. ಕೈಕಟ್ಟಿ ನಿಂತ, ಬಿರಿಯಾನಿ ಬಡಿಸಿದವನು ಹೇಗಿದೆ ಎಂದು ಕಾಯುವ ಹಾಗೆ. "ಕುಡೀರಿ. ಇದಕ್ಕೆ ಕ್ಲೋರಿನ್ ಹಾಕಲ್ಲ, ಏನೂ ಹಾಕಲ್ಲ. ನೆಲದಿಂದ ನೇರ ನಲ್ಲಿಗೆ. ನನ್ನ ಕೆಲಸ ಇದೇ."

ಶಮೀಮ್ ಎರಡೂ ಲೋಟ ಎತ್ತಿಕೊಂಡು ಹೋಗಿ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು. "ಕುದಿಸ್ಬಿಟ್ಟು ಕುಡಿಯೋಣ ಭಾಯಿ. ಹೊಸ ನೀರು, ಗಂಟಲು ಹಿಡಿದ್ರೆ ಕಷ್ಟ." ಇಕ್ಬಾಲನ ಮುಖ ನೋಡಬೇಕಿತ್ತು. ತನ್ನ ಜೀವಮಾನದ ಕೆಲಸ ಒಲೆಯ ಮೇಲೆ ಕೊತಕೊತ ಕುದಿಯುವುದನ್ನು ನೋಡುತ್ತ ನಿಂತಿದ್ದ. ನನಗೆ ಅಯ್ಯೋ ಅನಿಸಿ, ನಾನೇ ಹೋಗಿ ನಲ್ಲಿಯಿಂದ ಹಿಡಿದು ಒಂದು ಲೋಟ ಗಟಗಟ ಕುಡಿದೆ. ತಣ್ಣಗೆ, ಬಾವಿ ನೀರಿನ ಹಾಗೆ ಸ್ವಲ್ಪ ಗಡುಸಾಗಿ, ಚೆನ್ನಾಗಿತ್ತು.

ಈ ಊರಿನ ಜನರ ಬಗ್ಗೆ ಹೇಳಬೇಕು. ಕಾಫಿ ಅಂಗಡಿಯ ಹೊರಗೆ ಚಳಿಯಲ್ಲಿ ಹಸುಗೂಸುಗಳನ್ನು ಗಾಡಿಯಲ್ಲಿ ಮಲಗಿಸಿ, ತಾಯಂದಿರು ಒಳಗೆ ಕೂತು ಕಾಫಿ ಕುಡಿಯುತ್ತಾರೆ. ಮೊದಲ ದಿನ ಶಮೀಮ್ ಅಂಥ ಒಂದು ಗಾಡಿಯ ಪಕ್ಕ ಕಾವಲು ನಿಂತುಬಿಟ್ಟಳು. ಎಷ್ಟು ಕರೆದರೂ ಬರಲಿಲ್ಲ. "ಯಾರಾದ್ರೂ ಎತ್ಕೊಂಡು ಹೋದ್ರೆ?" ಎಂದಳು. ತಾಯಿ ಹೊರಗೆ ಬಂದು ಇವಳನ್ನೇ ಸಂಶಯದಿಂದ ನೋಡಿದಳು. ಹಳ್ಳಿ ರಸ್ತೆಯ ಬದಿಗಳಲ್ಲಿ ಮೇಜಿನ ಮೇಲೆ ಆಲೂಗಡ್ಡೆ, ಸಸಿ, ದುಡ್ಡು ಹಾಕಲು ಒಂದು ಡಬ್ಬ ಇಟ್ಟು ಹೋಗಿರುತ್ತಾರೆ, ಮಾರುವವರೇ ಇರುವುದಿಲ್ಲ. ಇನ್ನು ಸೂರ್ಯ. ಸಂಜೆಯಾದರೂ ಮುಳುಗುವ ಲಕ್ಷಣವೇ ಇಲ್ಲ. ಮಗ್ರಿಬ್ ನಮಾಜಿಗೆ ಕಾದು ಕಾದು ಶಮೀಮ್ ಕೂತಲ್ಲೇ ತೂಕಡಿಸುತ್ತಿದ್ದಳು.

ಎಲ್ಲ ಚೆನ್ನಾಗಿತ್ತು. ಆದರೆ ಒಂದು ವಿಷಯ ನನ್ನನ್ನು ಕೊರೆಯತೊಡಗಿತ್ತು. ಇಕ್ಬಾಲ್ ಇಡೀ ಹೊತ್ತು ಮಾತಾಡುತ್ತಿದ್ದದ್ದು ಕಾಗದನಗರದ ಬಗ್ಗೆ. ಕಾರ್ಖಾನೆ ಗೇಟಿನೆದುರಿನ ಬೇಕರಿಯ ಬೆಣ್ಣೆ ಬಿಸ್ಕತ್ತು, ನಮ್ಮ ಸಾಲಿನ ಕೊನೆ ಮನೆಯಲ್ಲಿ ನಾವು ಪಾಟಿ ಎನ್ನುತ್ತಿದ್ದ ತಮಿಳು ಅಜ್ಜಿ ಹಂಚುತ್ತಿದ್ದ ಸುಂಡಲು, ಸ್ಟೋರಿನ ಹಿಂದಿನ ಹುಣಸೆಮರ, ಹೊಳೆಯಲ್ಲಿ ಈಜು ಕಲಿತದ್ದು. ಇದೇ ವರ್ಷ ನೋಡಿ ಬಂದವನ ಹಾಗೆ ಹೇಳುತ್ತಿದ್ದ. ಕೇಳಲು ನನಗೂ ಹಿತವಾಗಿತ್ತು. ಆದರೆ ನನ್ನ ಬಗ್ಗೆ, ಈ ಮಧ್ಯೆ ನಾನು ಬದುಕಿದ ಅಷ್ಟು ವರ್ಷಗಳ ಬಗ್ಗೆ, ಆತ ಏನನ್ನೂ ಕೇಳುತ್ತಿರಲಿಲ್ಲ.

ಹಳದಿ ಹೊಲ

ಕಣಿವೆ ತೋರಿಸುವ ದಿನ ಬಂತು. ನಾನು ಬೂಟು, ಸ್ವೆಟರು, ಮಫ್ಲರು ಎಲ್ಲ ಹಾಕಿ ಸಜ್ಜಾದೆ. ಎತ್ತರದ ಬಂಡೆಗಳು, ನಡುವೆ ಪಾತಾಳ, ತಲೆ ತಿರುಗಿದರೆ ಹಿಡಿದುಕೊಳ್ಳಲು ಶಮೀಮಳ ಕೈ, ಇಷ್ಟನ್ನು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಇಕ್ಬಾಲ್ ಕಾರು ನಿಲ್ಲಿಸಿದ್ದು ಒಂದು ಹೊಲದ ಬದಿಯಲ್ಲಿ. ಸಾಸಿವೆಯ ಜಾತಿಯ ಯಾವುದೋ ಎಣ್ಣೆ ಬೀಜದ ಬೆಳೆ, ಕಣ್ಣು ಹಾಯುವವರೆಗೂ ಹಳದಿ ಹೂವು. ನೆಲ ಚಪಾತಿ ಮಣೆಯ ಹಾಗೆ ಸಪಾಟು. ದೂರದಲ್ಲಿ ನಾಲ್ಕು ಹಸು ಮಲಗಿದ್ದವು.

"ಕಣಿವೆ ಎಲ್ಲಿ?" ಎಂದೆ.

"ಅದರ ಮೇಲೇ ನಿಂತಿದೀಯ."

"ಇಕ್ಬಾಲ್, ನಾನು ವೀಸಾಕ್ಕೆ ಬೆರಳಚ್ಚು ಕೊಟ್ಟು, ಕ್ಯೂನಲ್ಲಿ ನಿಂತು, ವಿಮಾನದಲ್ಲಿ ಕಾಲು ಊದಿಸ್ಕೊಂಡು ಬಂದಿದೀನಿ. ಸಾಸಿವೆ ಹೊಲ ತೋರಿಸೋದಿದ್ರೆ ಹೊನ್ನಾಳಿ ದಾರೀಲೇ ತೋರಿಸ್ಬಹುದಿತ್ತಲ್ಲ."

ಆತ ನಗಲಿಲ್ಲ. ಬಗ್ಗಿ ಮಣ್ಣು ಕೆದರಿ ಗೀಟು ಎಳೆಯುತ್ತ ಹೇಳತೊಡಗಿದ. ಪಾಠ ಮಾಡುವವಳಿಗೆ ಪಾಠ ಕೇಳುವುದು ಕಷ್ಟ. ಆದರೂ ಕೇಳಿದೆ, ಕೇಳುತ್ತ ಕೇಳುತ್ತ ನನ್ನ ಯು ಅಕ್ಷರ ಮೆಲ್ಲಗೆ ಅಳಿಸಿಹೋಯಿತು.

ಒಂದು ಕಾಲದಲ್ಲಿ ಈ ದೇಶದ ಮೇಲೆ ಹಿಮದ ಹಾಸು ಕೂತಿತ್ತು. ನಮ್ಮ ಕೆಮ್ಮಣ್ಣುಗುಂಡಿಯ ಬೆಟ್ಟ ಮುಳುಗುವಷ್ಟು ದಪ್ಪ. ಅದರ ಅಡಿಯಲ್ಲಿ ಕರಗಿದ ನೀರು ಹೊರಗೆ ಹೋಗಲು ದಾರಿ ಇಲ್ಲದೆ ಸಿಕ್ಕಿಕೊಂಡಿತ್ತು. ಮೇಲೆ ಅಷ್ಟು ಭಾರ, ಕೆಳಗೆ ಮೆತ್ತನೆಯ ನೆಲ. ಕುಕ್ಕರಿನೊಳಗೆ ಒತ್ತಡ ಏರಿದ ಹಾಗೆ ಏರಿ, ಆ ನೀರು ಹಿಮದ ಅಂಚಿನ ಕಡೆಗೆ ನೆಲವನ್ನು ಕೊರೆದುಕೊಂಡು ನುಗ್ಗಿತು. ಕೆಲವು ಕಡೆ ಒಮ್ಮೆಗೇ ಒಡೆದು, ಕೆಲವು ಕಡೆ ವರ್ಷ ವರ್ಷ ಸವೆಸಿ. ಹೀಗೆ ಸುರಂಗದ ಹಾಗೆ ಕೊರೆದ ಕಣಿವೆಗಳು ನೂರಾರು ಅಡಿ ಆಳ, ಮೈಲುಗಟ್ಟಲೆ ಉದ್ದ.

"ವಿಚಿತ್ರ ಏನು ಗೊತ್ತಾ? ಈ ಕಣಿವೆಗಳ ತಳ ಇಳಿಜಾರಾಗಿ ಇರಲ್ಲ. ಇಳಿಯುತ್ತೆ, ಮತ್ತೆ ಏರುತ್ತೆ. ನೀರು ಮೇಲಕ್ಕೆ ಹತ್ತಿ ಹೋಗಿದೆ."

"ನೀರು ಮೇಲಕ್ಕೆ ಹತ್ತುತ್ತಾ?"

"ಮೇಲಿಂದ ಅಷ್ಟು ಭಾರ ಅದುಮಿದ್ರೆ ಹತ್ತುತ್ತೆ."

ಆಮೇಲೆ ಹಿಮ ಹಿಂದೆ ಸರಿಯಿತು. ಖಾಲಿ ಕಣಿವೆಗೆ ಮೊದಲು ಮರಳು, ಜಲ್ಲಿ ಬಂದು ಬಿತ್ತು. ಉಳಿದ ತಗ್ಗಿನಲ್ಲಿ ಕೆರೆ ನಿಂತಿತು. ಕೆರೆಯ ತಳದಲ್ಲಿ ಎಲೆ, ಕಡ್ಡಿ, ನುಣ್ಣನೆ ಕೆಸರು ಕೂತಿತು. ಮತ್ತೆ ಹಿಮ ಬಂತು, ಎಲ್ಲದರ ಮೇಲೂ ಕಲ್ಲು ಬೆರೆತ ಜೇಡಿ ಬಳಿದು ಹೋಯಿತು. ಹಾಗೆ ಬಂದ ಹಿಮ ಕೆಲವು ಕಡೆ ಹಳೆಯ ಕಣಿವೆಯ ಹೊಟ್ಟೆಯಲ್ಲೇ ಹೊಸ ಕಣಿವೆ ಕೊರೆಯಿತು. ಕೊನೆಗೆ ಮೇಲೆ ಉಳಿದದ್ದು ಈ ಸಪಾಟು ನೆಲ. ಹೊಲದ ಅಂಚಿನಲ್ಲಿದ್ದ ದುಂಡು ಬಂಡೆಗಳನ್ನು ತೋರಿಸಿ, ಅವು ನಾರ್ವೆ, ಸ್ವೀಡನ್ನಿನಿಂದ ಹಿಮದ ಬೆನ್ನೇರಿ ಬಂದವು ಎಂದ. ಅವುಗಳಿಗೆ ವೀಸಾ ಕೇಳಿದವರಿಲ್ಲ.

ಹೆಲಿಕಾಪ್ಟರಿನ ಕೆಳಗೆ ಮನೆಯಷ್ಟು ದೊಡ್ಡ ಚೌಕಟ್ಟು ತೂಗುಹಾಕಿ ಹಾರಿಸಿ, ನೆಲದೊಳಗೆ ವಿದ್ಯುತ್ತು ಹೇಗೆ ಹರಿಯುತ್ತದೆ ಎಂದು ಅಳೆದು, ಈ ಹೂತುಹೋದ ಕಣಿವೆಗಳ ನಕ್ಷೆ ಮಾಡುತ್ತಾರಂತೆ. ಅವುಗಳಲ್ಲಿ ಹಲವು ಕಣಿವೆಗಳ ಮರಳಿನಲ್ಲಿ ನಿಂತ ನೀರೇ ಇವರ ನಲ್ಲಿಗೆ ಬರುವುದು. ಇಷ್ಟು ಹೊತ್ತು ಸುಮ್ಮನಿದ್ದ ಶಮೀಮ್, "ಅಲ್ಲಾ, ಇಷ್ಟೆಲ್ಲ ಇದ್ದ ಮೇಲೆ ಕುದಿಸೋದು ಬೇಡ್ವೇನೋ" ಎಂದಳು. ಅವಳೆದುರು ಅಣ್ಣ ಕೊನೆಗೂ ಗೆದ್ದ.

ಆ ಹಳದಿ ಹೊಲದ ಮೇಲೆ ನಾನು ಮೆಲ್ಲಗೆ ಹೆಜ್ಜೆ ಇಟ್ಟೆ. ಕೆಳಗೆ ಅಷ್ಟು ಆಳ ಇದೆ ಎಂದು ಗೊತ್ತಾದ ಮೇಲೆ ಕಾಲು ತಾನಾಗಿಯೇ ಮೆತ್ತಗಾಗುತ್ತದೆ.

ಸರೋವರ

ಮರುದಿನ ವೀಬೋರ್ಗ್ ಎಂಬ ಊರಿನ ಬಳಿ ಒಂದು ಸರೋವರಕ್ಕೆ ಹೋದೆವು. ಇದು ಅದೇ ಜಾತಿಯ ಕಣಿವೆ, ಆದರೆ ಪೂರ್ತಿ ತುಂಬಿಕೊಳ್ಳದೆ ಉಳಿದದ್ದು. ಕಡಿದಾದ ದಂಡೆ, ತುಂಬ ಆಳವಾದ ಕಪ್ಪು ನೀರು, ಸುತ್ತ ಆಗಷ್ಟೇ ಚಿಗುರಿದ ಬೀಚ್ ಮರಗಳು. ಎಳೆ ಹಸಿರು ಎಂದರೆ ಎಂಥ ಹಸಿರು, ನಾಟಿಯಾದ ಗದ್ದೆಯ ಮೊದಲ ವಾರದ ಹಸಿರು. ಶಮೀಮ್ ಮಂಡಿ ನೋವೆಂದು ಬೆಂಚಿನ ಮೇಲೆ ಕೂತಳು. ನಿಜವಾಗಿ ನೋವಿತ್ತೋ ಇಲ್ಲವೋ ದೇವರಿಗೇ ಗೊತ್ತು. ನಾವಿಬ್ಬರೂ ದಂಡೆಯ ಮೇಲೆ ನಡೆದೆವು.

ನಡೆಯುತ್ತ ಇಕ್ಬಾಲ್ ಮತ್ತೆ ಶುರು ಮಾಡಿದ. "ನಮ್ಮ ಸಾಲಿನ ಮನೆಗಳಿಗೆ ಈಗ ಯಾವ ಬಣ್ಣ ಹೊಡೆದಿದಾರೆ?"

ನನಗೆ ತಡೆಯಲಾಗಲಿಲ್ಲ. "ಬಣ್ಣ ಎಲ್ಲಿಂದ ಬರ್ಬೇಕು? ಕಾರ್ಖಾನೆ ನಿಂತಿದ್ದು ನಿಂಗೆ ಗೊತ್ತಿಲ್ವಾ? ನಮ್ಮ ಸಾಲಿನಲ್ಲಿ ಬಾಗಿಲೇ ಇಲ್ಲ ಇಕ್ಬಾಲ್. ನಿಮ್ಮ ಅಡುಗೆಮನೇಲಿ ಲಂಟಾನ ಬೆಳೆದಿದೆ. ಬೇಕರಿ ಮುಚ್ಚಿ ಎಷ್ಟೋ ಕಾಲ ಆಯ್ತು. ಪಾಟಿ ಹೋದ್ರು."

"ಗೊತ್ತು" ಎಂದ. "ಶಮೀಮ್ ಫೋಟೋ ಕಳ್ಸಿದ್ಲು. ನೋಡಿ ಡಿಲೀಟ್ ಮಾಡ್ದೆ."

ಕಾರ್ಖಾನೆಯಲ್ಲಿ ಕಾಗದದ ಹಿಟ್ಟು ಕುದಿಯುವ ಆ ವಾಸನೆ, ಒದ್ದೆ ಬಿದಿರಿನ ರಾಶಿ, ನಮ್ಮಬ್ಬಾ ಕಿಸೆಯಲ್ಲಿ ತರುತ್ತಿದ್ದ ಕಾಗದದ ಅಂಚುಗಳು, ಅದರಲ್ಲಿ ನಾವು ಮಾಡುತ್ತಿದ್ದ ಹಾರಗಳು, ಎಲ್ಲ ನನ್ನ ಕಣ್ಣೆದುರೂ ಬಂತು. ಆದರೆ ನಾನು ಅಳಲು ಅಷ್ಟು ದೂರ ಹೋಗಿರಲಿಲ್ಲ. ಒಂದು ಉತ್ತರ ಕೊಡಬೇಕಿತ್ತು, ಆ ಉತ್ತರದ ಮೇಲೆ ನನ್ನ ಮುಂದಿನ ಬದುಕಿತ್ತು. ಕೇಳಿಯೇಬಿಟ್ಟೆ.

"ನಿಂಗೆ ಬೇಕಾಗಿರೋದು ನಾನಾ, ಇಲ್ಲ ಕಾಗದನಗರಾನಾ?"

ಆತ ನಿಂತ.

"ನೇರವಾಗಿ ಕೇಳ್ತೀನಿ. ನಾನು ಬಂದಾಗಿಂದ ನನ್ನ ಮುಖ ನೋಡ್ಕೊಂಡು ಆ ಊರಿನ ಮಾತೇ ಆಡ್ತಿದೀಯ. ಆ ಊರಲ್ಲಿ ಬೆಳೆದ ಯಾವ ಹೆಂಗಸು ಬಂದಿದ್ರೂ ಹಿಂಗೇ ಆಡ್ತಿದ್ದೆ. ಕೂತ್ಕೊಂಡು ಹಳೇದು ನೆನೆಸೋಕೆ ಒಂದು ಜನ ಬೇಕು ಅಂದ್ರೆ ಫೋನ್ ಸಾಕು. ಅದಕ್ಕೆ ನಾನು ನನ್ನ ಮನೆಗೆ ಬೀಗ ಹಾಕಿ, ಮಗಳನ್ನ ಬಿಟ್ಟು, ಈ ಮಾತೇ ಆಡದ ಜನರ ಊರಿಗೆ ಬಂದು ಇರ್ಬೇಕಾ?"

ನೀರಿನ ಕಡೆ ತಿರುಗಿದ. "ಹೆಂಗೆ ಹೇಳ್ಲಿ ಗೊತ್ತಾಗ್ತಿಲ್ಲ" ಎಂದ. ಅಷ್ಟೇ. ನಾನು ತಿರುಗಿ ಬೆಂಚಿನ ಕಡೆ ನಡೆದೆ. ನನ್ನ ಮುಖ ನೋಡಿದ ಶಮೀಮ್ ಮಂಡಿ ನೋವು ಮರೆತು ಎದ್ದು ನಿಂತಳು. ಕಾರಿನಲ್ಲಿ ಮೂವರೂ ಮೌನದ ಡಬ್ಬಿಯವರ ಹಾಗೆ ಕೂತು ಬಂದೆವು. ಉಹೂಂ ಎಂದು ಹೇಳಿ ಊರಿಗೆ ಹೋಗುವುದೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಆ ತೀರ್ಮಾನದಿಂದ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ.

ಕೊರೆಯುವ ಜಾಗ

ನಾವು ಹೊರಡುವ ಮುನ್ನಾದಿನ ಇಕ್ಬಾಲನಿಗೆ ಕೆಲಸವಿತ್ತು. ಒಂದು ಪುಟ್ಟ ಊರಿನ ಅಂಚಿನಲ್ಲಿ, ಹೂತ ಕಣಿವೆಯೊಂದರ ಮೇಲೆ ಬಾವಿ ಕೊರೆಯುತ್ತಿದ್ದರು. ಸುತ್ತ ಬೇಲಿ, ರಸ್ತೆಯ ಕಡೆಗೆ ಕಬ್ಬಿಣದ ಗೇಟು. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ವಾಸಿ ಎಂದು ನಾವೂ ಹೋದೆವು. ಬೆಳಿಗ್ಗೆ ಶಮೀಮ್, ನಾನು ಸೇರಿ ಟೊಮೆಟೊ ಬಾತ್ ಮಾಡಿ ಸ್ಟೀಲ್ ಡಬ್ಬಿಗಳಿಗೆ ತುಂಬಿದ್ದೆವು.

ನಮ್ಮ ಕಡೆ ಬೋರ್ ಕೊರೆಯುವಾಗ ಊರೇ ಸೇರುತ್ತದೆ. ತೆಂಗಿನಕಾಯಿ ಒಡೆಯುತ್ತಾರೆ, ಫಾತಿಹಾ ಓದುತ್ತಾರೆ, ಕಲ್ಲಿನ ಧೂಳು ಮುಗಿಲಿಗೇರುತ್ತದೆ, ನೀರು ಚಿಮ್ಮಿದರೆ ಅಪರಿಚಿತರೂ ತಬ್ಬಿಕೊಳ್ಳುತ್ತಾರೆ. ಇಲ್ಲಿ ಯೆನ್ಸ್ ಎಂಬ ಕೆಂಚು ಗಡ್ಡದ ಆಳು, ಇನ್ನಿಬ್ಬರು, ಅಷ್ಟೇ. ಧೂಳಿಲ್ಲ, ಕಲ್ಲೇ ಇಲ್ಲ. ಕೊರೆದಷ್ಟೂ ಮರಳು, ಜೇಡಿ. ಬಂದ ಮಣ್ಣನ್ನು ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ನಾನು ಅಭ್ಯಾಸ ಬಲದಿಂದ "ಕಲ್ಲು ಬಂತಾ?" ಎಂದು ಕೇಳುತ್ತಲೇ ಇದ್ದೆ. ಇಕ್ಬಾಲ್ "ಬರಲ್ಲ" ಎನ್ನುತ್ತಲೇ ಇದ್ದ. ಸರೋವರದ ಮಾತಿನ ನಂತರ ನಾವು ಆಡಿದ್ದು ಇಷ್ಟೇ.

ಅಷ್ಟರಲ್ಲಿ ಹಲಗೆಯ ಮೇಲೆ ಕಪ್ಪು ಕೆಸರು ಬಂತು. ಅದು ಹಳೆಯ ಕೆರೆಯ ತಳವಂತೆ. ಇಕ್ಬಾಲ್ ಒಂದು ಹಿಡಿ ತಂದು ನನ್ನ ಮೂಗಿನ ಹತ್ತಿರ ಹಿಡಿದ. ಕೊಳೆತ ಎಲೆ, ಗಂಧಕ, ಒದ್ದೆ ಮರ. ಕಾರ್ಖಾನೆಯ ಹಿಟ್ಟಿನ ವಿಭಾಗದಿಂದ ಬಂದ ಅಬ್ಬಾನ ಅಂಗಿಯ ವಾಸನೆ.

ಆಗ ಸೈರನ್ ಕೂಗಿತು.

ಎಲ್ಲಿಂದಲೋ ಎದ್ದು, ಏರಿ, ಊರಿನ ಮೇಲೆಲ್ಲ ಹರಡುವ ಸೈರನ್. ಆ ದೇಶದಲ್ಲಿ ವರ್ಷಕ್ಕೊಮ್ಮೆ ಮೇ ತಿಂಗಳ ಒಂದು ಮಧ್ಯಾಹ್ನ ಎಲ್ಲ ಊರಿನ ಸೈರನ್ನುಗಳನ್ನೂ ಕೂಗಿಸಿ, ಸರಿಯಾಗಿವೆಯೇ ಎಂದು ನೋಡುತ್ತಾರಂತೆ. ಅದು ನನಗೆ ಗೊತ್ತಾದದ್ದು ಆಮೇಲೆ. ಯೆನ್ಸ್ ತಲೆ ಕೂಡ ಎತ್ತಲಿಲ್ಲ. ನಾನು ಮಾತ್ರ ಬೆಂಚಿನ ಮೇಲಿದ್ದ ಒಂದು ಡಬ್ಬಿ ಎತ್ತಿಕೊಂಡು ಗೇಟಿನ ಕಡೆ ಓಡುತ್ತಿದ್ದೆ.

ಯಾಕೆ ಎಂದು ಕಾಗದನಗರದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಕಾರ್ಖಾನೆಯ ಮಧ್ಯಾಹ್ನದ ಸೈರನ್ ಆದರೆ ನಮಗೆ ಸ್ಕೂಲು ಬಿಡುತ್ತಿತ್ತು. ಮಕ್ಕಳು ಮನೆಗೆ ಓಡಿ, ತಾಯಂದಿರು ಬಾಗಿಲಲ್ಲೇ ಹಿಡಿದು ನಿಂತ ಊಟದ ಕ್ಯಾರಿಯರ್ ಕಸಿದುಕೊಂಡು, ಕಾರ್ಖಾನೆಯ ಗೇಟಿಗೆ ಓಡಬೇಕು. ಅಪ್ಪಂದಿರು ಅಲ್ಲಿ ಕಾಯುತ್ತಿರುತ್ತಾರೆ. ಅನ್ನ ಆರಬಾರದು. ಬೀದಿ ತುಂಬ ಕ್ಯಾರಿಯರ್ ಹಿಡಿದು ಓಡುವ ಮಕ್ಕಳು. ನನ್ನ ಜೊತೆ ಪಕ್ಕದ ಮನೆಯ ಇಕ್ಬಾಲ್ ಓಡುತ್ತಿದ್ದ.

ಗೇಟು ತಲುಪಿದಾಗ ನನ್ನ ಪಕ್ಕದಲ್ಲಿ ಏದುಸಿರು ಕೇಳಿತು. ಇಕ್ಬಾಲ್ ಕೂಡ ಒಂದು ಡಬ್ಬಿ ಹಿಡಿದು ಬಂದು ನಿಂತಿದ್ದ. ಕಪ್ಪು ಕೆಸರು ಡಬ್ಬಿಗೆಲ್ಲ ಮೆತ್ತಿತ್ತು. ಗೇಟಿನ ಆಚೆ ಖಾಲಿ ರಸ್ತೆ, ನಾಯಿ ಹಿಡಿದು ನಡೆಯುವ ಒಬ್ಬ ಮುದುಕ. ಡಬ್ಬಿ ತೆಗೆದುಕೊಳ್ಳಲು ಯಾರೂ ಇರಲಿಲ್ಲ. ಸೈರನ್ ನಿಂತಿತು. ಅಬ್ಬಾ ತೀರಿಕೊಂಡ ದಿನ ಹೇಗೆ ಅತ್ತಿದ್ದೆನೋ ಹಾಗೆ, ಆ ಗೇಟು ಹಿಡಿದುಕೊಂಡು ಅತ್ತುಬಿಟ್ಟೆ.

ಇಕ್ಬಾಲ್ ನಾನು ಮುಖ ಒರೆಸಿಕೊಳ್ಳುವವರೆಗೆ ಕಾದ.

"ಮೊನ್ನೆ ಕೇಳಿದ್ಯಲ್ಲ, ನೀನಾ, ಊರಾ ಅಂತ."

"ಬಿಡು. ನಾನೂ ಓಡ್ಬಂದೆ. ನಿನ್ನನ್ನ ಕೇಳೋಕೆ ನಂಗೆ ಮುಖ ಇಲ್ಲ."

"ಬಿಡಲ್ಲ. ನಿಮ್ಮಬ್ಬಾಗೆ ಯಾವಾಗ್ಲೂ ಹಗಲು. ನಮ್ಮಬ್ಬಾಗೆ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿ ಇದ್ದಾಗ ಮಧ್ಯಾಹ್ನ ಅವ್ರು ಮನೇಲೇ ಮಲಗಿರ್ತಿದ್ರು. ಗೇಟಿಗೆ ಊಟ ತರೋ ಕೆಲಸ ಇರ್ತಿರ್ಲಿಲ್ಲ. ಆ ವಾರ ನಾನು ಬರ್ತಿದ್ನಾ ಇಲ್ವಾ?"

ಯೋಚಿಸಿದೆ. ಇಕ್ಬಾಲ್ ಇಲ್ಲದೆ ಗೇಟಿಗೆ ಹೋದ ಒಂದು ಮಧ್ಯಾಹ್ನವೂ ನನಗೆ ನೆನಪಿಗೆ ಬರಲಿಲ್ಲ. "ಬರ್ತಿದ್ದೆ. ಕ್ಯಾರಿಯರ್ ಹಿಡ್ಕೊಂಡೇ ಬರ್ತಿದ್ದೆ."

"ಅದು ಖಾಲಿ ಇರ್ತಿತ್ತು. ನೀನು ಗುಂಪಲ್ಲಿ ನಿಮ್ಮಬ್ಬಾನ್ನ ಹುಡುಕೋವರ್ಗೂ ಪಕ್ಕದಲ್ಲಿ ನಿಂತಿದ್ದು, ವಾಪಸ್ ತರ್ತಿದ್ದೆ."

"ಸುಳ್ಳು."

"ಸುಳ್ಳಲ್ಲ ಮಾರಾಯ್ತಿ." ಹಿಂದಿನಿಂದ ಶಮೀಮಳ ದನಿ. ಮಂಡಿ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದಿದ್ದಳು. "ಅದನ್ನ ತೊಳೀತಿದ್ದವಳು ನಾನು. ರಾತ್ರಿ ಪಾಳಿ ವಾರ ಒಳಗೆ ಒಂದು ಅಗುಳೂ ಇರ್ತಿರ್ಲಿಲ್ಲ. ಅಮ್ಮಿಗೆ ಗೊತ್ತಾಗ್ಬಾರ್ದು ಅಂತ ಖಾಲಿ ಡಬ್ಬೀನೂ ನನ್ನ ಕೈಲಿ ತೊಳೆಸ್ತಿದ್ದ. ಯಾಕೆ ಅಂತ ಕೇಳಿದ್ರೆ ತಲೆ ಮೇಲೆ ಮೊಟಕ್ತಿದ್ದ."

ಸಂತೋಷವಾಯಿತು ಎಂದರೆ ಕಡಿಮೆಯಾಗುತ್ತದೆ. ಅಷ್ಟು ವರ್ಷ ಯಾರೋ ನನ್ನದೊಂದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು, ನನಗೇ ಗೊತ್ತಿರಲಿಲ್ಲ. ಆದರೆ ಬಾಯಿಗೆ ಬಂದದ್ದು ಸಿಟ್ಟು.

"ಆಗ ಹೇಳೋಕೇನಾಗಿತ್ತು? ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ?"

"ನೀನು ಓಡ್ತಿದ್ದೆ ಜರೀನಾ. ಜೊತೆಗೆ ಓಡೋಕೇ ಉಸಿರು ಸಾಲ್ತಿರ್ಲಿಲ್ಲ, ಮಾತೆಲ್ಲಿಂದ ಬರ್ಬೇಕು."

ಶಮೀಮ್ ನಮ್ಮಿಬ್ಬರ ಮುಖ ನೋಡುತ್ತ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ನಾನು ಅವಳಿಗೇ ಹೇಳಿದೆ, ಆತನಿಗೆ ಹೇಳಲು ಇನ್ನೂ ನಾಚಿಕೆ. "ನಿಮ್ಮ ಭಾಯಿಗೆ ಹೇಳು. ನಿಕಾಹ್ ಭದ್ರಾವತೀಲೇ ಆಗ್ಬೇಕು. ಇಲ್ಲಿರೋದಾ ಅಲ್ಲಿರೋದಾ, ಅದನ್ನ ಆಮೇಲೆ ಜಗಳ ಆಡಿ ತೀರ್ಮಾನ ಮಾಡ್ತೀವಿ. ಬರುವಾಗ ಬಂಗಾರ ತರದಿದ್ರೂ ಪರವಾಗಿಲ್ಲ, ಖಾಲಿ ಡಬ್ಬಿ ಮಾತ್ರ ತರ್ಬೇಡ ಅನ್ನು."

ಇಕ್ಬಾಲ್ ಕೆಸರು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ತನ್ನ ಡಬ್ಬಿಯ ಮುಚ್ಚಳ ತೆಗೆದು, ನನ್ನ ಮುಂದೆ ಹಿಡಿದ. ಕಂಠದವರೆಗೂ ತುಂಬಿತ್ತು.